ಮುಚ್ಚಳಿಕೆಯಿಂದ ಘಟನಾ ವರದಿಯವರೆಗೆ

ಸೀಮೆಎಣ್ಣೆಯ ಪಂಪ್ ಸ್ಟೌ ನಮ್ಮ ಅಡಿಗೆಮನೆಗಳಿಂದ ಮರೆಯಾಗಿ ಬಹುಕಾಲವಾಯಿತು. ಅದರ ಜೊತೆಗೇ ದಿನಪತ್ರಿಕೆಗಳ ಒಳಪುಟದಿಂದ ಇನ್ನೊಂದು ವಸ್ತುವೂ ಹೆಚ್ಚುಕಡಮೆ ಮರೆಯಾಗಿದೆ. ‘ಸ್ಟೌ ಸಿಡಿದು ಗೃಹಿಣಿಯ ಸಾವು’ ಎಂಬ ಬಗೆಯ ಎರಡು ಮೂರು ಸಾಲಿನ ಸುದ್ದಿ ಅದು. ಐವತ್ತು ದಾಟಿದ ವಾಚಕರಿಗೆ ಚೆನ್ನಾಗಿ ನೆನಪಿರಬಹುದು. ನಾನು ಶಾಲೆಯಲ್ಲಿದ್ದ ದಿನಗಳಲ್ಲಿಯೂ ಅದು ಬರುತ್ತಲೇ ಇತ್ತು. ಬಡಾವಣೆಯ ಹೆಸರು, ಹೆಂಗಸಿನ ವಯಸ್ಸು, ಗಂಡನ ಉದ್ಯೋಗ, ಇಷ್ಟೇ ವಿವರ. ವಯಸ್ಸು ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸು. ಓದಿದವರು ‘ಅಯ್ಯೋ ಪಾಪ’ ಎಂದು ಪುಟ ತಿರುವುತ್ತಿದ್ದರು. ಸ್ಟೌ ಎಂದರೆ ಸಿಡಿಯುವಂಥದು, ಹೆಂಗಸು ಎಂದರೆ ಅದರ ಮುಂದೆ ಕುಳಿತಿರುವವಳು. ಇದರಲ್ಲಿ ಕೇಳುವುದಕ್ಕೆ ಏನಿದೆ?

ಆ ಎರಡು ಸಾಲು ಸಿದ್ಧವಾಗಬೇಕಾದರೆ ಎಷ್ಟು ಕಚೇರಿಗಳು ದುಡಿಯುತ್ತಿದ್ದುವೆಂಬುದನ್ನು ಈಗ ಯೋಚಿಸಿದರೆ ಆಶ್ಚರ್ಯವಾಗುತ್ತದೆ. ಸುಟ್ಟಗಾಯಗಳಾದ ಹೆಂಗಸನ್ನು ಬೆಂಗಳೂರಿನಲ್ಲಿ ಹೆಚ್ಚಾಗಿ ವಿಕ್ಟೋರಿಯಾ ಆಸ್ಪತ್ರೆಗೆ ತರುತ್ತಿದ್ದರು. ೧೯೦೦ರಲ್ಲಿ ಆರಂಭವಾದ ಆ ಆಸ್ಪತ್ರೆಯ ಸುಟ್ಟಗಾಯದ ವಾರ್ಡು ಊರಿನ ಅನೇಕ ಸಂಸಾರಗಳ ಕೊನೆಯ ಅಧ್ಯಾಯವನ್ನು ಕಂಡಿದೆ. ವೈದ್ಯರು ಇದು ಪೋಲೀಸರಿಗೆ ತಿಳಿಸತಕ್ಕ ಪ್ರಕರಣವೆಂದು ವಹಿಯಲ್ಲಿ ಗುರುತು ಹಾಕಿ ಠಾಣೆಗೆ ಸುದ್ದಿ ಕೊಡುವರು. ಠಾಣೆಯಿಂದ ಒಬ್ಬರು ಬಂದು ಹೇಳಿಕೆ ಬರೆದುಕೊಳ್ಳುವರು. ಬದುಕುವ ಭರವಸೆಯಿಲ್ಲವೆಂದು ಕಂಡರೆ ಮರಣಕಾಲದ ಹೇಳಿಕೆ ಪಡೆಯಲು ತಹಸೀಲ್ದಾರರಿಗೆ ಹೇಳಿ ಕಳಿಸುವರು. ಪ್ರಾಣ ಹೋದ ಮೇಲೆ ಶವದ ಪಂಚನಾಮೆ, ಮರಣೋತ್ತರ ಪರೀಕ್ಷೆ. ಹೀಗೆ ಆರೋಗ್ಯ, ಪೋಲೀಸು, ಕಂದಾಯ ಎಂಬ ಮೂರು ಇಲಾಖೆಗಳ ಮೂರು ಕಾಗದಗಳು ಹುಟ್ಟುತ್ತಿದ್ದುವು. ಅನೇಕ ಸಲ ಮೂರೂ ಒಂದೇ ಮಾತನ್ನು ಹೇಳುತ್ತಿದ್ದುವು. ಮೂವರೂ ಕೇಳಿಸಿಕೊಂಡದ್ದು ಒಂದೇ ಬಾಯಿಂದ. ಆ ಬಾಯಿ ಮಾತಾಡುವಾಗ ಮಂಚದ ಪಕ್ಕದಲ್ಲಿ ಗಂಡನೋ ಅತ್ತೆಯೋ ನಿಂತಿರುತ್ತಿದ್ದರು. ಮನೆಯಲ್ಲಿ ಮಗುವೊಂದು ಉಳಿದಿರುತ್ತಿತ್ತು. ತಾನು ಸತ್ತ ಮೇಲೆ ಆ ಮಗುವನ್ನು ನೋಡಿಕೊಳ್ಳಬೇಕಾದವರು ಅವರೇ ಅಲ್ಲವೆ? ‘ಸ್ಟೌ ಸಿಡಿಯಿತು’ ಎಂದು ಹೇಳಿ ಕಣ್ಣು ಮುಚ್ಚಿದವರಲ್ಲಿ ಎಷ್ಟು ಮಂದಿ ಮಗುವಿಗಾಗಿ ಹಾಗೆ ಹೇಳಿದರೋ ಯಾವ ವಹಿಯಲ್ಲಿಯೂ ಬರೆದಿಲ್ಲ.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಕಾನೂನು ನನ್ನ ವಿಷಯವಲ್ಲ. ಆದರೆ ಕಾಗದಪತ್ರಗಳ ಭಾಷೆ ನನ್ನ ವಿಷಯವೇ. ಶಾಸನಗಳನ್ನೂ ಕಡತಗಳನ್ನೂ ಓದಿಸುವಾಗ, ಒಂದು ಸಮಾಜ ಯಾವುದಕ್ಕೆ ಹೆಸರಿಟ್ಟಿದೆ, ಯಾವುದಕ್ಕೆ ಹೆಸರೇ ಇಟ್ಟಿಲ್ಲ ಎಂಬುದನ್ನು ಹುಡುಗರಿಗೆ ತೋರಿಸುತ್ತಿರುತ್ತೇನೆ. ಗಂಡ ಹೆಂಡತಿಯನ್ನು ಹೊಡೆಯುವುದಕ್ಕೆ ನಮ್ಮ ಕಚೇರಿಗಳಲ್ಲಿ ಬಹುಕಾಲ ಹೆಸರೇ ಇರಲಿಲ್ಲ. ‘ಸಂಸಾರದ ತಾಪತ್ರಯ’, ‘ಮನಸ್ತಾಪ’, ‘ಗೃಹಕಲಹ’ ಎನ್ನುತ್ತಿದ್ದರು. ಗಾದೆಯೊಂದು ಬೇರೆ ಸಿದ್ಧವಾಗಿತ್ತು: ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಗಾದೆಯನ್ನು ನಾನು ಹಳಿಯಲಾರೆ. ಅದು ಹೇಳಿದ್ದು ಜಗಳದ ಮಾತು. ಜಗಳಕ್ಕೆ ಇಬ್ಬರು ಬೇಕು. ಒಬ್ಬರು ಹೊಡೆದು ಇನ್ನೊಬ್ಬರು ಹೊಡೆಸಿಕೊಳ್ಳುವುದಕ್ಕೆ ಈ ಗಾದೆಯನ್ನು ಅನ್ವಯಿಸಿದವರು ನಾವು.

ಹಾಗೆಂದು ನಮ್ಮ ಹಿರಿಯರು ಏನನ್ನೂ ಮಾಡಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಬೆಂಗಳೂರಿನ ಬಸವನಗುಡಿಯ ಅಬಲಾಶ್ರಮ ೧೯೦೫ರಷ್ಟು ಹಿಂದಿನದು. ದಿಕ್ಕಿಲ್ಲದ ಹೆಂಗಸರಿಗೆ, ಮುಖ್ಯವಾಗಿ ವಿಧವೆಯರಿಗೆ, ಅಲ್ಲಿ ಆಶ್ರಯವಿತ್ತು. ಮೈಸೂರು ಸಂಸ್ಥಾನ ಹಿಂದೂ ಕಾನೂನಿನಲ್ಲಿ ಹೆಂಗಸರ ಸ್ಥಾನವನ್ನು ವಿಚಾರಿಸಲು ಕೆ. ಎಸ್. ಚಂದ್ರಶೇಖರ ಅಯ್ಯರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಅದರ ವರದಿ ೧೯೩೦ರಲ್ಲಿ ಬಂತು; ೧೯೩೩ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವಾಯಿತು. ಬ್ರಿಟಿಷ್ ಇಂಡಿಯಾದ ಸ್ತ್ರೀಯರ ಆಸ್ತಿ ಹಕ್ಕಿನ ಕಾನೂನು ಬಂದದ್ದು ೧೯೩೭ರಲ್ಲಿ. ಸಂಸ್ಥಾನ ನಾಲ್ಕು ವರ್ಷ ಮುಂದಿತ್ತು. ಈ ಹೆಮ್ಮೆ ನಮಗೆ ಸಲ್ಲಬೇಕಾದದ್ದೇ. ಆದರೆ ಆಸ್ತಿಯ ಹಕ್ಕು ಬೇರೆ, ರಾತ್ರಿ ಹತ್ತು ಗಂಟೆಗೆ ಬೀದಿಗೆ ತಳ್ಳಿಸಿಕೊಂಡವಳ ಹಕ್ಕು ಬೇರೆ. ಎರಡನೆಯದರ ವಿಚಾರಕ್ಕೆ ಇನ್ನೂ ಎಪ್ಪತ್ತು ವರ್ಷ ಹಿಡಿಯಿತು.

೧೯೬೧ರ ವರದಕ್ಷಿಣೆ ನಿಷೇಧ ಶಾಸನದ ಕತೆ ಸ್ವಾರಸ್ಯವಾದುದು. ಲೋಕಸಭೆಗೂ ರಾಜ್ಯಸಭೆಗೂ ಒಮ್ಮತ ಬಾರದೆ ಆ ವರ್ಷದ ಮೇ ತಿಂಗಳಲ್ಲಿ ಎರಡು ಸದನಗಳೂ ಒಟ್ಟಿಗೆ ಕುಳಿತುವು. ಸ್ವತಂತ್ರ ಭಾರತದ ಸಂಸತ್ತಿನ ಮೊಟ್ಟಮೊದಲ ಜಂಟಿ ಅಧಿವೇಶನ ಅದು, ನಡೆದದ್ದು ವರದಕ್ಷಿಣೆಗಾಗಿ. ಅಷ್ಟು ವಿಜೃಂಭಣೆಯಿಂದ ಹುಟ್ಟಿದ ಕಾನೂನು ಮೂಲ ರೂಪದಲ್ಲಿ ಪೋಲೀಸರು ತಾವಾಗಿ ಕೈಹಾಕಲಾಗದ ಅಪರಾಧವನ್ನು ಸೃಷ್ಟಿಸಿತು. ಕೊಟ್ಟವರೂ ಅಪರಾಧಿಗಳಾದುದರಿಂದ ಹೆಣ್ಣಿನ ತಂದೆ ದೂರು ಕೊಡುವ ಹಾಗಿರಲಿಲ್ಲ, ತೆಗೆದುಕೊಂಡವರಂತೂ ಕೊಡುವುದಿಲ್ಲ. ಹೀಗಾಗಿ ಶಾಸನ ಪುಸ್ತಕದಲ್ಲಿಯೂ ಬೆಳ್ಳಿತಟ್ಟೆ ಮದುವೆಮನೆಯಲ್ಲಿಯೂ ಸುಖವಾಗಿ ಉಳಿದುವು.

ಬೆಂಗಳೂರಿನಲ್ಲಿ ೧೯೭೯ರಲ್ಲಿ ‘ವಿಮೋಚನಾ’ ಎಂಬ ಮಹಿಳಾ ಸಂಘಟನೆ ಹುಟ್ಟಿತು. ಆ ಹೊತ್ತಿಗೆ ದೆಹಲಿ ಮೊದಲಾದ ಊರುಗಳಲ್ಲಿಯೂ ಹೆಂಗಸರು ಬೀದಿಗಿಳಿದಿದ್ದರು. ಅವರೆಲ್ಲ ಕೇಳಿದ ಪ್ರಶ್ನೆ ಬಹು ಸರಳವಾದುದು: ಸಿಡಿಯುವ ಸ್ಟೌಗಳು ಎಳೆಯ ಸೊಸೆಯರ ಕೈಯಲ್ಲಿಯೇ ಏಕೆ ಸಿಡಿಯುತ್ತವೆ? ಅತ್ತೆಯರ ಕೈಯಲ್ಲಿ ಏಕಿಲ್ಲ? ಬೆಳಗಿನಿಂದ ರಾತ್ರಿಯವರೆಗೆ ಸ್ಟೌ ಉರಿಸುವ ಹೋಟೆಲಿನ ಅಡಿಗೆಭಟ್ಟರ ಕೈಯಲ್ಲಿ ಏಕಿಲ್ಲ? ಉತ್ತರವಾಗಿ ೧೯೮೩ರಲ್ಲಿ ದಂಡಸಂಹಿತೆಗೆ ೪೯೮-ಎ ಎಂಬ ಕಲಮು ಸೇರಿತು. ಗಂಡ ಮತ್ತು ಅವನ ಬಂಧುಗಳ ಕ್ರೌರ್ಯಕ್ಕೆ ಮೂರು ವರ್ಷದವರೆಗೆ ಸೆರೆ. ೧೯೮೬ರಲ್ಲಿ ವರದಕ್ಷಿಣೆ ಸಾವು ಎಂಬ ೩೦೪-ಬಿ ಬಂತು. ಕನಿಷ್ಠ ಏಳು ವರ್ಷ. ಮದುವೆಯಾಗಿ ಏಳು ವರ್ಷದೊಳಗೆ ಹೆಂಗಸು ಅಸಹಜವಾಗಿ ಸತ್ತರೆ ಮರಣೋತ್ತರ ಪರೀಕ್ಷೆ ನಡೆಯಲೇಬೇಕು, ಶವತನಿಖೆಯನ್ನು ಮ್ಯಾಜಿಸ್ಟ್ರೇಟರ ಅಧಿಕಾರವುಳ್ಳವರು ಮಾಡಬೇಕು ಎಂಬ ನಿಯಮವೂ ಈ ಕಾಲದ್ದೇ. ನಮ್ಮಲ್ಲಿ ಆ ಕೆಲಸ ತಹಸೀಲ್ದಾರರ ಪಾಲಿಗೆ ಬಂತು. ಬೆಳಿಗ್ಗೆ ಪಹಣಿ, ಮಧ್ಯಾಹ್ನ ಚುನಾವಣಾ ಪಟ್ಟಿ, ಸಂಜೆ ಶವಾಗಾರ.

ಇಷ್ಟಾದರೂ ಕಡತದ ಶೀರ್ಷಿಕೆ ಬದಲಾಗಲಿಲ್ಲ. ೧೯೯೦ರ ದಶಕದಲ್ಲಿ ವಿಮೋಚನಾದ ಕಾರ್ಯಕರ್ತೆಯರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ ಮಂಚಗಳ ಬಳಿ ಕುಳಿತರು. ಠಾಣೆಗಳ ದಾಖಲೆಗಳನ್ನು ತಿರುವಿಹಾಕಿದರು. ಕಂಡದ್ದೇನೆಂದರೆ, ಹೆಂಗಸರ ಅಸಹಜ ಸಾವುಗಳನ್ನು ಕೊಲೆ, ಆತ್ಮಹತ್ಯೆ, ಆಕಸ್ಮಿಕ ಎಂದು ವಿಂಗಡಿಸಲಾಗುತ್ತಿತ್ತು. ‘ಆಕಸ್ಮಿಕ’ದ ಕಟ್ಟು ದಪ್ಪನಾಗಿತ್ತು, ಅದನ್ನು ಮತ್ತೆ ಬಿಚ್ಚುವವರು ಇರಲಿಲ್ಲ. ಕಾನೂನು ವರದಕ್ಷಿಣೆಯ ಸಾವನ್ನು ಹುಡುಕುತ್ತಿತ್ತು. ಅಡಿಗೆಮನೆಯ ಆಕಸ್ಮಿಕವನ್ನು ಯಾವ ಇಲಾಖೆಯೂ ಹುಡುಕುತ್ತಿರಲಿಲ್ಲ. ಆ ಕಟ್ಟನ್ನು ಬಿಚ್ಚಿಸಿದ್ದು ನನ್ನ ದೃಷ್ಟಿಯಲ್ಲಿ ಬೆಂಗಳೂರಿನ ಸಾಮಾಜಿಕ ಚರಿತ್ರೆಯ ದೊಡ್ಡ ಘಟನೆಗಳಲ್ಲಿ ಒಂದು. ನಮ್ಮ ನಗರದ ಚರಿತ್ರೆ ಬರೆಯುವವರು ಕೆಂಪೇಗೌಡರ ಗೋಪುರಗಳಿಂದ ನೇರವಾಗಿ ಕಂಪ್ಯೂಟರ್ ಕಂಪೆನಿಗಳಿಗೆ ಹಾರುತ್ತಾರೆ. ವಿಕ್ಟೋರಿಯಾ ಆಸ್ಪತ್ರೆಯ ವಾರ್ಡು ದಾರಿಯಲ್ಲಿ ಸಿಕ್ಕುವುದಿಲ್ಲ.

ಇಲ್ಲಿಂದ ಮುಂದಿನ ಕತೆ, ಕಚೇರಿಗಳು ಒಂದರ ಪಕ್ಕದಲ್ಲೊಂದು ಕುಳಿತುಕೊಳ್ಳಲು ಕಲಿತ ಕತೆ. ಮುಂಬಯಿಯಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ೧೯೮೪ರಲ್ಲಿಯೇ ಪೋಲೀಸು ಕಮಿಷನರ ಕಚೇರಿಯಲ್ಲಿ ಸಮಾಜ ಕಾರ್ಯಕರ್ತರ ಮೇಜೊಂದನ್ನು ಹಾಕಿಸಿದ್ದರು. ದೂರು ತಂದ ಹೆಂಗಸು ಖಾಕಿಯ ಮುಂದೆ ನಿಲ್ಲುವ ಮೊದಲು ಸಾದಾ ಬಟ್ಟೆಯವರ ಮುಂದೆ ಕೂರಬಹುದು ಎಂಬುದು ಅದರ ಹುರುಳು. ನಮ್ಮ ಊರಿನಲ್ಲಿ ಆ ರೀತಿಯ ಏರ್ಪಾಡು ೧೯೯೯ರಲ್ಲಿ ಇನ್‌ಫೆಂಟ್ರಿ ರಸ್ತೆಯ ಪೋಲೀಸು ಕಮಿಷನರ ಕಚೇರಿಯ ಆವರಣದಲ್ಲಿ ‘ವನಿತಾ ಸಹಾಯವಾಣಿ’ ಎಂಬ ಹೆಸರಿನಿಂದ ಬಂತು; ‘ಪರಿಹಾರ್’ ಎಂಬ ಆಪ್ತಸಲಹಾ ಸಂಸ್ಥೆಯೂ ಪೋಲೀಸರೂ ಕೈಗೂಡಿಸಿದರು. ೨೦೦೦-೦೧ರಲ್ಲಿ ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ‘ಸಾಂತ್ವನ’ ಯೋಜನೆಯನ್ನು ಸ್ವಯಂಸೇವಾ ಸಂಸ್ಥೆಗಳ ಮೂಲಕ ಆರಂಭಿಸಿತು.

ಈ ಮೇಜುಗಳಲ್ಲಿ ಆಗುತ್ತಿದ್ದುದೇನು? ಗಂಡನನ್ನು ಕರೆಸುವುದು, ಇಬ್ಬರ ಮಾತನ್ನೂ ಕೇಳುವುದು, ಬುದ್ಧಿ ಹೇಳುವುದು, ರಾಜಿ ಮಾಡಿಸುವುದು, ಮುಚ್ಚಳಿಕೆ ಬರೆಸಿಕೊಳ್ಳುವುದು. ‘ರಾಜಿ’ ಎಂಬುದು ಅರಬ್ಬಿಯಿಂದ ಬಂದ ಮಾತು. ಒಪ್ಪಿದವನು, ತೃಪ್ತನಾದವನು ಎಂದು ಅದರ ಅರ್ಥ. ‘ಮುಚ್ಚಳಿಕೆ’ ಪಾರಸಿಯ ದಾರಿಯಿಂದ ನಮ್ಮ ಕಂದಾಯ ಕಚೇರಿಗಳಿಗೆ ಬಂದದ್ದು. ಮಾತಿಗೆ ತಪ್ಪುವುದಿಲ್ಲವೆಂದು ಬರೆದುಕೊಡುವ ಪತ್ರ. ಆದರೆ ನಮ್ಮ ಜನ ಅದನ್ನು ಕನ್ನಡದ ‘ಮುಚ್ಚು’ ಧಾತುವಿನಿಂದ ಹುಟ್ಟಿದ್ದೆಂದೇ ತಿಳಿದಿದ್ದಾರೆ. ಭಾಷಾಶಾಸ್ತ್ರಕ್ಕೆ ಇದು ತಪ್ಪು. ಅನುಭವಕ್ಕೆ ಎಷ್ಟು ಸರಿ! ಮೂರು ಸಲ ಮುಚ್ಚಳಿಕೆ ಬರೆದುಕೊಟ್ಟ ಗಂಡ ನಾಲ್ಕನೆಯ ಸಲವೂ ಬರೆದುಕೊಡಲು ಸಿದ್ಧನಾಗಿರುತ್ತಾನೆ. ಕಾಗದದ ಬೆಲೆ ಅವನಿಗೆ ಗೊತ್ತು. ಹಾಗೆಂದು ರಾಜಿಯನ್ನು ತಳ್ಳಿಹಾಕುವವನು ನಾನಲ್ಲ. ಅನೇಕ ಹೆಂಗಸರಿಗೆ ಬೇಕಾದುದು ಗಂಡನ ಸೆರೆವಾಸವಲ್ಲ, ಅವನ ಕೈ ನಿಲ್ಲುವುದು. ಎಲ್ಲರೆದುರಿಗೆ ಒಂದು ಸಲ ತಲೆತಗ್ಗಿಸಿದರೆ ನಿಲ್ಲುವ ಕೈಗಳೂ ಉಂಟು. ನನ್ನ ಆಕ್ಷೇಪಣೆ ಇಷ್ಟೆ: ಮುಚ್ಚಳಿಕೆ ಬರೆಸಿಕೊಂಡ ಮೇಲೆ ಆ ಮನೆಗೆ ಮತ್ತೆ ಹೋಗಿ ನೋಡುವುದು ಯಾರ ಕೆಲಸವೆಂದು ಆಗ ಯಾರೂ ಬರೆದಿಡಲಿಲ್ಲ.

ಹೊರದೇಶಗಳಲ್ಲಿ ಈ ಪ್ರಶ್ನೆಯನ್ನು ಮೊದಲು ಗಟ್ಟಿಯಾಗಿ ಕೇಳಿದ್ದು ಅಮೆರಿಕದ ಮಿನೆಸೋಟ ಸಂಸ್ಥಾನದ ಡುಲೂತ್ ಎಂಬ ಸಾಧಾರಣ ಊರು. ೧೯೮೦-೮೧ರಲ್ಲಿ ಅಲ್ಲಿನ ಪೋಲೀಸರು, ನ್ಯಾಯಾಲಯ, ಸೆರೆಮನೆ, ಆಶ್ರಯ ಮಂದಿರ ಎಲ್ಲವೂ ಸೇರಿ ಒಂದೇ ನಿಯಮಾವಳಿಯನ್ನು ಒಪ್ಪಿದುವು. ಎಲ್ಲೆನ್ ಪೆನ್ಸ್ ಎಂಬಾಕೆ ಅದರ ಮುಂದಾಳುಗಳಲ್ಲಿ ಒಬ್ಬರು. ಬ್ರಿಟನ್ನಿನ ಕಾರ್ಡಿಫ್ ನಗರದಲ್ಲಿ ೨೦೦೩ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪ್ರಾಣಾಪಾಯವಿರುವ ಹೆಂಗಸರ ಪ್ರಕರಣಗಳನ್ನು ಪೋಲೀಸರು, ಆರೋಗ್ಯ, ವಸತಿ, ಮಕ್ಕಳ ಇಲಾಖೆಗಳವರು, ಮಹಿಳಾ ಸಂಸ್ಥೆಯವರು ಒಂದೇ ಮೇಜಿನ ಸುತ್ತ ಕುಳಿತು ಒಂದೊಂದಾಗಿ ಚರ್ಚಿಸುವುದು. ಎದ್ದು ಹೋಗುವ ಮೊದಲು ‘ಇದು ನನ್ನ ಕೆಲಸ, ಅದು ನಿನ್ನ ಕೆಲಸ’ ಎಂದು ಬರೆದುಕೊಳ್ಳುವುದು. ಇಷ್ಟು ಸಣ್ಣ ಉಪಾಯಕ್ಕೆ ಇಪ್ಪತ್ತೊಂದನೆಯ ಶತಮಾನ ಬರಬೇಕಾಯಿತು. ನಮ್ಮ ಹಳ್ಳಿಯ ಕಟ್ಟೆಯ ಪಂಚಾಯ್ತಿಯಲ್ಲಿ ಎಲ್ಲರೂ ಒಟ್ಟಿಗೆ ಕೂರುತ್ತಿದ್ದರು ನಿಜ. ಆದರೆ ಹೆಂಗಸನ್ನು ಮಾತ್ರ ದೂರದಲ್ಲಿ ನಿಲ್ಲಿಸುತ್ತಿದ್ದರು.

ನಮ್ಮ ದೇಶದ ಉತ್ತರ ೨೦೦೫ರ ಶಾಸನ. ‘ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ’ ಎಂಬ ಉದ್ದನೆಯ ಹೆಸರಿನ ಈ ಕಾನೂನು ೨೦೦೬ರ ಅಕ್ಟೋಬರ್ ೨೬ರಂದು ಜಾರಿಗೆ ಬಂತು. ಕೊನೆಗೆ ಒಂದು ಹೆಸರು ಸಿಕ್ಕಿತಲ್ಲ ಎಂದು ಸಂತೋಷಪಡಬೇಕು. ‘ದೌರ್ಜನ್ಯ’ವೆಂದರೆ ದುರ್ಜನನ ನಡತೆ. ನಮ್ಮ ಮನೆಯೊಳಗೆ ದುರ್ಜನನಿರಬಹುದೆಂದು ಸರ್ಕಾರದ ಭಾಷೆ ಒಪ್ಪಿಕೊಂಡಿತು. ಹಿಂದಿನ ಕಾನೂನುಗಳು ‘ಅವನನ್ನು ಏನು ಮಾಡಬೇಕು’ ಎಂದು ಕೇಳುತ್ತಿದ್ದುವು. ಇದು ‘ಇವಳು ಈ ರಾತ್ರಿ ಎಲ್ಲಿ ಮಲಗಬೇಕು’ ಎಂದು ಕೇಳಿತು. ಮನೆ ಯಾರ ಹೆಸರಿನಲ್ಲಿದ್ದರೂ ತಾನು ಬಾಳಿದ ಮನೆಯಲ್ಲಿ ಇರುವ ಹಕ್ಕು ಹೆಂಗಸಿಗುಂಟು ಎಂದಿತು. ಹೊಡೆತ ಬಡಿತವಷ್ಟೇ ಅಲ್ಲ, ಬೈಗಳು, ಅವಮಾನ, ಲೈಂಗಿಕ ಹಿಂಸೆ, ಕೈಯಲ್ಲಿ ಕಾಸಿಲ್ಲದಂತೆ ಮಾಡುವುದು, ಎಲ್ಲವನ್ನೂ ದೌರ್ಜನ್ಯವೆಂದಿತು.

ಕಚೇರಿಗಳ ಕೂಡುವಿಕೆಯೂ ಮೊದಲ ಬಾರಿಗೆ ಶಾಸನದ ಬರವಣಿಗೆಯಲ್ಲಿ ಬಂತು. ಪೋಲೀಸರು ದೂರು ಬಂದ ಕೂಡಲೇ ಹೆಂಗಸಿಗೆ ಅವಳ ಹಕ್ಕುಗಳನ್ನು ತಿಳಿಸಬೇಕು. ಆಶ್ರಯ ಮಂದಿರ ಅವಳಿಗೆ ಜಾಗ ಕೊಡಬೇಕು. ಆಸ್ಪತ್ರೆ ಚಿಕಿತ್ಸೆ ಕೊಡಬೇಕು. ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಉಚಿತವಾಗಿ ಒದಗಿಸಬೇಕು. ಈ ನೆರವು ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಸಿಕ್ಕುತ್ತದೆಂಬುದನ್ನು ಮಧ್ಯಮ ವರ್ಗದ ನಮ್ಮ ಸೋದರಿಯರೇ ಅರಿಯರು. ಮ್ಯಾಜಿಸ್ಟ್ರೇಟರು ಅರ್ಜಿಯ ಮೊದಲ ವಿಚಾರಣೆಯನ್ನು ಸಾಧಾರಣವಾಗಿ ಮೂರು ದಿನದೊಳಗೆ ಇಟ್ಟುಕೊಳ್ಳಬೇಕು, ಅರುವತ್ತು ದಿನಗಳಲ್ಲಿ ಮುಗಿಸಲು ಯತ್ನಿಸಬೇಕು. ಇವೆಲ್ಲವನ್ನೂ ಒಂದು ದಾರದಲ್ಲಿ ಪೋಣಿಸುವವರೇ ಸಂರಕ್ಷಣಾಧಿಕಾರಿ. ಅವರು ಬರೆಯುವ ಕಾಗದದ ಹೆಸರು ‘ಕೌಟುಂಬಿಕ ಘಟನಾ ವರದಿ’.

ದಾರ ಎಷ್ಟು ಗಟ್ಟಿ ಎಂಬುದನ್ನು ಈಗ ನೋಡಬೇಕು. ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದಲ್ಲಿ ಈ ಹೊಣೆಯನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ವಹಿಸಿದರು. ೧೯೭೫ರ ಅಕ್ಟೋಬರ್ ೨ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಆರಿಸಿಕೊಂಡದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವನ್ನು. ಅಂದಿನಿಂದ ಈ ಅಧಿಕಾರಿಗಳ ಕೆಲಸ ಅಂಗನವಾಡಿಗಳದು: ಮಕ್ಕಳ ತೂಕ, ಗರ್ಭಿಣಿಯರ ಆಹಾರ, ಮೊಟ್ಟೆಯ ಲೆಕ್ಕ, ಕಾರ್ಯಕರ್ತೆಯರ ಗೌರವಧನ. ಇದರ ಮೇಲೆ ಸಂರಕ್ಷಣೆಯೂ ಬಂತು. ಆಯ್ಕೆ ತಪ್ಪೆನ್ನಲಾರೆ; ಯಾವ ಮನೆಯಲ್ಲಿ ಯಾವ ಹೆಂಗಸು ಸೆರಗಿನಿಂದ ಮುಖ ಮುಚ್ಚಿಕೊಂಡು ಮಗುವನ್ನು ಬಿಡಲು ಬರುತ್ತಾಳೆಂಬುದು ಅಂಗನವಾಡಿಯಷ್ಟು ಚೆನ್ನಾಗಿ ಯಾವ ಠಾಣೆಗೂ ತಿಳಿಯದು. ಆದರೆ ಒಬ್ಬರೇ ಮೊಟ್ಟೆಯನ್ನೂ ಎಣಿಸಿ, ನೋಟೀಸನ್ನೂ ಜಾರಿ ಮಾಡಿಸಿ, ನ್ಯಾಯಾಲಯಕ್ಕೂ ಹಾಜರಾಗಬೇಕೆಂದರೆ ಯಾವುದೋ ಒಂದು ಕೆಲಸ ಸೊರಗಲೇಬೇಕು. ಸೊರಗುವುದು ಸಾಮಾನ್ಯವಾಗಿ ಮೇಲಿನವರು ಲೆಕ್ಕ ಕೇಳದ ಕೆಲಸ.

ನಾನಿರುವ ಕೆಂಗೇರಿ ಉಪನಗರದ ಕಡೆಯಿಂದ ನೋಡಿದರೆ ಈ ತೊಡಕು ಸ್ಪಷ್ಟವಾಗಿ ಕಾಣುತ್ತದೆ. ಕೆಂಗೇರಿಗೆ ೨೦೦೭ರವರೆಗೆ ತನ್ನದೇ ಪುರಸಭೆಯಿತ್ತು. ಆ ವರ್ಷ ಏಳು ನಗರಸಭೆಗಳೂ ನೂರಹತ್ತು ಹಳ್ಳಿಗಳೂ ಬೃಹತ್ ಬೆಂಗಳೂರಿಗೆ ಸೇರಿದುವು. ಹಾಗೆ ಸೇರಿದ ಒಂದೇ ಒಂದು ಪುರಸಭೆ ನಮ್ಮದು. ಹೋಬಳಿಯೆಂಬ ಲೆಕ್ಕದಲ್ಲಿ ನಾವು ಬೆಂಗಳೂರು ದಕ್ಷಿಣ ತಾಲ್ಲೂಕು. ೨೦೨೫ರಲ್ಲಿ ಪಕ್ಕದ ರಾಮನಗರ ಜಿಲ್ಲೆಗೇ ‘ಬೆಂಗಳೂರು ದಕ್ಷಿಣ’ವೆಂದು ನಾಮಕರಣವಾದ ಮೇಲೆ ವಿಳಾಸ ಬರೆಯುವವರಿಗೆ ಹೊಸ ವಿನೋದ ಸಿಕ್ಕಿದೆ. ಠಾಣೆಯ ಸರಹದ್ದು ಒಂದು, ಕಂದಾಯದ ಸರಹದ್ದು ಇನ್ನೊಂದು, ಶಿಶು ಅಭಿವೃದ್ಧಿ ಯೋಜನೆಯದು ಮತ್ತೊಂದು. ಕುಟುಂಬ ನ್ಯಾಯಾಲಯವೂ ಕಾನೂನು ಸೇವಾ ಪ್ರಾಧಿಕಾರವೂ ನಗರದ ನಡುವೆ, ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ. ಕಾರ್ಡಿಫಿನಲ್ಲಿ ಕಚೇರಿಗಳು ಒಂದು ಮೇಜಿಗೆ ಬರುತ್ತವೆ. ಇಲ್ಲಿ ಹೆಂಗಸೇ ಕಡತವನ್ನು ಕಂಕುಳಲ್ಲಿ ಇಟ್ಟುಕೊಂಡು ಕಚೇರಿಯಿಂದ ಕಚೇರಿಗೆ ಹೋಗುತ್ತಾಳೆ. ಹೋಗಿ ಬರಲು ಬಸ್ಸಿನ ಕಾಸನ್ನು ಅವಳು ಕೇಳಬೇಕಾಗಿದ್ದುದು ಯಾರನ್ನು? ಹೊಡೆದವನನ್ನೇ. ೨೦೨೩ರ ಜೂನ್ ೧೧ರಿಂದ ‘ಶಕ್ತಿ’ ಯೋಜನೆಯಲ್ಲಿ ಹೆಂಗಸರಿಗೆ ಸಾಧಾರಣ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ದೇವಸ್ಥಾನಗಳಿಗೆ ನೂಕುನುಗ್ಗಲಾಯಿತೆಂದು ನಾವೆಲ್ಲ ಹಾಸ್ಯ ಮಾಡಿದೆವು. ಠಾಣೆಗೂ ನ್ಯಾಯಾಲಯಕ್ಕೂ ಅದೇ ಟಿಕೇಟು ನಡೆಯುತ್ತದೆಂಬುದನ್ನು ಮರೆತಿದ್ದೆವು.

ಎಲ್ಲವನ್ನೂ ಒಂದೇ ಸೂರಿನಡಿ ತರುವ ಪ್ರಯತ್ನವೂ ನಡೆದಿದೆ. ೨೦೧೫ರ ಏಪ್ರಿಲ್ ೧ರಿಂದ ಕೇಂದ್ರ ಸರ್ಕಾರ ‘ಸಖಿ’ ಕೇಂದ್ರಗಳನ್ನು ಆರಂಭಿಸಿತು. ಚಿಕಿತ್ಸೆ, ಪೋಲೀಸು ಸಹಾಯ, ಆಪ್ತಸಲಹೆ, ಕಾನೂನು ನೆರವು, ಕೆಲವು ದಿನದ ವಸತಿ, ಇಷ್ಟೂ ಒಂದೇ ಕಡೆ. ೧೮೧ ಎಂಬ ದೂರವಾಣಿ ಸಂಖ್ಯೆಯೂ ಉಂಟು. ಜಿಲ್ಲೆಗೊಂದು ಎರಡು ಕೇಂದ್ರವೆಂದರೆ ಬೆಂಗಳೂರಿನಂಥ ಊರಿಗೆ ಎಷ್ಟು ಸಾಲುತ್ತದೆಂಬುದು ಬೇರೆ ಮಾತು.

ಬೇಡಿಕೆಯ ಅಳತೆ ಸಣ್ಣದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಮದುವೆಯಾದ ೧೮ರಿಂದ ೪೯ರ ವಯಸ್ಸಿನ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ಕರ್ನಾಟಕದಲ್ಲಿ ೨೦೧೫-೧೬ರಲ್ಲಿ ಶೇಕಡ ೨೦.೬ ಇದ್ದರು, ೨೦೧೯-೨೧ರ ಸಮೀಕ್ಷೆಯಲ್ಲಿ ಶೇಕಡ ೪೪.೪ ಆದರು. ನಮ್ಮ ರಾಜ್ಯದ ಮನೆಮನೆ ವಿಚಾರಣೆ ೨೦೧೯ರಲ್ಲಿಯೇ ಮುಗಿದಿದ್ದುದರಿಂದ ಕೊರೋನಾ ಕಾಲದ ಮೇಲೆ ತಪ್ಪು ಹೊರಿಸುವಂತಿಲ್ಲ. ನಾಲ್ಕು ವರ್ಷದಲ್ಲಿ ಗಂಡಂದಿರು ಇಮ್ಮಡಿ ಕೆಟ್ಟರೆ? ನನಗೆ ನಂಬಿಕೆಯಾಗುವುದಿಲ್ಲ. ಹೇಳುವ ಬಾಯಿ ಹೆಚ್ಚಿರಬೇಕು ಎಂದು ತೋರುತ್ತದೆ. ಸಮೀಕ್ಷೆಯವಳಿಗೆ ಹೇಳುವುದು ಬೇರೆ, ಕಚೇರಿಗೆ ಹೇಳುವುದು ಬೇರೆ. ಅದೇ ಸಮೀಕ್ಷೆ ದೇಶದ ಮಟ್ಟದಲ್ಲಿ ಕಂಡಂತೆ, ಹಿಂಸೆಗೊಳಗಾದವರಲ್ಲಿ ಶೇಕಡ ೭೭ ಮಂದಿ ಸಹಾಯವನ್ನೂ ಕೇಳಿಲ್ಲ, ಯಾರಿಗೂ ಹೇಳಿಯೂ ಇಲ್ಲ. ಸಹಾಯ ಕೇಳಿದವರು ಶೇಕಡ ೧೪. ಅವರಲ್ಲಿಯೂ ಬಹುಪಾಲು ಜನ ಹೋದದ್ದು ತವರಿಗೆ.

ನ್ಯಾಯಾಲಯಗಳ ಓಲಾಟವನ್ನೂ ಇಲ್ಲಿ ಹೇಳದೆ ವಿಧಿಯಿಲ್ಲ. ೪೯೮-ಎ ಕಲಮನ್ನು ಕೆಲವರು ದುರುಪಯೋಗ ಮಾಡಿಕೊಳ್ಳುತ್ತಾರೆಂಬ ದೂರು ಹಳೆಯದು. ಅದನ್ನು ಪೂರ್ತಿ ಸುಳ್ಳೆಂದು ತಳ್ಳಲಾಗದು. ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯ, ದೂರು ಬಂದ ಮಾತ್ರಕ್ಕೆ ಬಂಧಿಸಕೂಡದೆಂದು ಪೋಲೀಸರಿಗೆ ಕಟ್ಟಳೆ ವಿಧಿಸಿತು. ೨೦೧೭ರಲ್ಲಿ ಅದೇ ನ್ಯಾಯಾಲಯದ ಇನ್ನೊಂದು ಪೀಠ, ಪ್ರತಿ ಜಿಲ್ಲೆಯಲ್ಲಿಯೂ ಕುಟುಂಬ ಕಲ್ಯಾಣ ಸಮಿತಿಗಳನ್ನು ಮಾಡಿ ದೂರುಗಳನ್ನು ಮೊದಲು ಅವುಗಳ ಮುಂದಿಡಬೇಕೆಂದಿತು. ೨೦೧೮ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಇಂಥ ಸಮಿತಿಗಳಿಗೆ ಕಾನೂನಿನಲ್ಲಿ ಆಧಾರವಿಲ್ಲವೆಂದು ಅದನ್ನು ತೆಗೆದುಹಾಕಿತು. ೨೦೨೪ರ ಜುಲೈ ೧ರಿಂದ ದಂಡಸಂಹಿತೆಯೇ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ೪೯೮-ಎ ಈಗ ೮೫ ಮತ್ತು ೮೬, ೩೦೪-ಬಿ ಈಗ ೮೦. ನಾಲ್ಕು ದಶಕ ಬೆಂಗಳೂರಿನ ಮನೆಮಾತಾಗಿದ್ದ ‘ಫೋರ್ ನೈಂಟಿ ಎಯ್ಟ್’ ಇನ್ನು ಹಳಗನ್ನಡವಾಗುವುದು. ೨೦೦೫ರ ಶಾಸನಕ್ಕೆ ಈ ಗದ್ದಲ ತಟ್ಟಲಿಲ್ಲ. ಅದು ಮೊದಲು ರಕ್ಷಣೆಯ ಆದೇಶ ಕೊಡುತ್ತದೆ. ಆದೇಶ ಮೀರಿದಾಗ ಮಾತ್ರ ಒಂದು ವರ್ಷದವರೆಗೆ ಸೆರೆ, ಇಲ್ಲವೆ ಇಪ್ಪತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.

ಕನ್ನಡ ಮೇಷ್ಟರೆಂದರೆ ಅರ್ಜಿ ಬರೆದುಕೊಡುವವರೆಂಬ ನಂಬಿಕೆ ನಮ್ಮ ಕಡೆ ಇನ್ನೂ ಹೋಗಿಲ್ಲ. ಹಾಗೆ ಒಂದು ಭಾನುವಾರ ಮೈಸೂರು ರಸ್ತೆಯ ಗಾರ್ಮೆಂಟ್ ಕಾರ್ಖಾನೆಯಲ್ಲಿ ದುಡಿಯುವ ಹೆಂಗಸೊಬ್ಬಳು ನಮ್ಮ ಮನೆಯ ಕೆಲಸದಾಕೆಯ ಜೊತೆಯಲ್ಲಿ ಬಂದಿದ್ದಳು. ಒಂದು ಠಾಣೆಯಲ್ಲಿ ಗಂಡನಿಂದ ಎರಡು ಸಲ ಮುಚ್ಚಳಿಕೆ ಬರೆಸಿ ಆಗಿತ್ತು. ಅಂಗನವಾಡಿಯವರು ಹೇಳಿದುದರಿಂದ ಈಗ ಘಟನಾ ವರದಿಯ ನಮೂನೆಯನ್ನು ತಂದಿದ್ದಳು.

“ಹೊಡಿಯೋದನ್ನ ಬರೀಬೇಡಿ ಮೇಷ್ಟ್ರೇ, ಅದು ಎಲ್ಲಾರ್ ಮನೇಲೂ ಇರೋದೇ. ಸಂಬಳದ ಕಾರ್ಡ್ ಕಿತ್ಕೊಂಡವ್ನೆ, ಅದನ್ನ ಬರೀರಿ” ಎಂದಳು.

“ಎರಡನ್ನೂ ಬರೆಯೋಣಮ್ಮ. ಇದರಲ್ಲಿ ಎರಡಕ್ಕೂ ಜಾಗ ಇದೆ” ಎಂದೆ.

“ಹೊಡಿಯೋದಕ್ಕೂ ಜಾಗ ಬಿಟ್ಟವ್ರಾ?” ಎಂದು ಅವಳು ಕಾಗದವನ್ನು ಕೈಗೆ ತೆಗೆದುಕೊಂಡು ನೋಡಿದಳು.

ನಿಜವಾಗಿಯೂ ಬಿಟ್ಟಿದ್ದಾರೆ. ಆ ನಮೂನೆಯನ್ನು ಬರೆದವರು ಯಾರೋ ಮನೆಯೊಳಗನ್ನು ಬಲ್ಲವರು. ಗಂಡುಮಗು ಹೆರಲಿಲ್ಲವೆಂಬ ಮೂದಲಿಕೆಗೆ ಒಂದು ಸಾಲು; ಕೆಲಸಕ್ಕೆ ಹೋಗದಂತೆ ತಡೆಯುವುದಕ್ಕೆ ಒಂದು; ಸಂಬಳ ಕಸಿದುಕೊಳ್ಳುವುದಕ್ಕೆ ಒಂದು; ಬಾಡಿಗೆ ಕಟ್ಟದಿರುವುದಕ್ಕೆ ಒಂದು; ಉಟ್ಟಬಟ್ಟೆ, ಮನೆಯ ಸಾಮಾನು ಮುಟ್ಟಗೊಡದಿರುವುದಕ್ಕೆ ಒಂದು. ನಮ್ಮ ಸಾಮಾಜಿಕ ಕಾದಂಬರಿಗಳು ನೂರಾರು ಪುಟಗಳಲ್ಲಿ ಹೇಳಿದ್ದನ್ನು ಸರ್ಕಾರಿ ಕಾಗದವೊಂದು ಚೌಕಾಕಾರದ ಮನೆಗಳಲ್ಲಿ ಹೇಳಿದೆ. ಬೇಕಾದ ನೆರವಿನ ಪಟ್ಟಿ ಬಂದಾಗ ಅವಳು ಆಶ್ರಯ ಮಂದಿರ ಬೇಡವೆಂದಳು, ವಕೀಲರು ಬೇಕೆಂದಳು. ಪೋಲೀಸು ಸಹಾಯ ಏತಕ್ಕೆ ಎಂಬ ಕಡೆ, ಮನೆಯಿಂದ ಮಕ್ಕಳ ಪುಸ್ತಕಗಳನ್ನೂ ಹೊಲಿಗೆಯಂತ್ರವನ್ನೂ ತೆಗೆಸಿಕೊಡುವುದಕ್ಕೆ ಎಂದು ಬರೆಸಿದಳು.

೨೦೨೫ರ ಮೇ ೨೦ರಂದು ಸರ್ವೋಚ್ಚ ನ್ಯಾಯಾಲಯ, ಸಂರಕ್ಷಣಾಧಿಕಾರಿಗಳನ್ನು ಇನ್ನೂ ನೇಮಿಸದ ಕಡೆಗಳಲ್ಲಿ ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಆರು ವಾರಗಳೊಳಗೆ ಗುರುತಿಸಿ ನೇಮಿಸಬೇಕೆಂದು ಎಲ್ಲ ರಾಜ್ಯಗಳಿಗೂ ಆದೇಶ ಮಾಡಿತು. ಪೀಠದಲ್ಲಿದ್ದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರು ನಮ್ಮ ನಾಡಿನವರು. ಶಾಸನ ಜಾರಿಗೆ ಬಂದು ಹದಿನೆಂಟು ವರ್ಷ ಕಳೆದ ಮೇಲೆ ಇಂಥ ಆದೇಶ ಬೇಕಾಯಿತೆಂಬುದೇ ಉಳಿದ ಕತೆಯನ್ನು ಹೇಳುತ್ತದೆ.

ಘಟನಾ ವರದಿಯ ಕೊನೆಯಲ್ಲಿ ಸಂರಕ್ಷಣಾಧಿಕಾರಿಯ ರುಜುವಿಗೂ ಮೊಹರಿಗೂ ಜಾಗವಿದೆ. ಅದರ ಕೆಳಗೆ ಪ್ರತಿಗಳನ್ನು ಯಾರು ಯಾರಿಗೆ ಕಳಿಸಬೇಕೆಂಬ ಪಟ್ಟಿಯಿದೆ. ಸ್ಥಳೀಯ ಠಾಣೆಗೆ ಒಂದು, ಸೇವಾ ಸಂಸ್ಥೆಗೋ ಸಂರಕ್ಷಣಾಧಿಕಾರಿಗೋ ಒಂದು, ಮ್ಯಾಜಿಸ್ಟ್ರೇಟರಿಗೆ ಒಂದು. ಇನ್ನೊಂದು ಪ್ರತಿ ಆ ಹೆಂಗಸಿಗೆ. ಸ್ಟೌ ಸಿಡಿದ ಕಾಲದ ಮೂರು ಕಾಗದಗಳಲ್ಲಿ ಒಂದನ್ನೂ ಅವಳ ಕೈಗೆ ಕೊಡುವ ಪದ್ಧತಿ ಇರಲಿಲ್ಲ.